ಬಾಯಿ ತೆರೆದರೆ ಕಿವಿ ಪಕ್ಕ ‘ಕಟಕ್’ ಅನ್ನುತ್ತಾ? ದವಡೆ ಕೀಲಿನ ನೋವಿಗೆ ಯಾವಾಗ ಕಾಯಬಹುದು, ಯಾವಾಗ ಓಡಬೇಕು

ಆಕಳಿಸಿದರೆ ಕಿವಿ ಪಕ್ಕ ‘ಕಟಕ್’ ಅನ್ನುತ್ತೆ. ರೊಟ್ಟಿ ಅಗಿದರೆ ಕೆನ್ನೆ ನೋಯುತ್ತೆ. ಬೆಳಿಗ್ಗೆ ಎದ್ದಾಗ ಬಾಯಿ ಪೂರ್ತಿ ತೆಗೆಯೋಕೇ ಆಗಲ್ಲ. ಇಂಥ ತೊಂದರೆ ಇರುವವರಲ್ಲಿ ಎಷ್ಟೋ ಜನ ಮೊದಲು ಮೆಡಿಕಲ್ ಸ್ಟೋರ್‌ಗೆ ಹೋಗಿ ಕಿವಿಗೆ ಡ್ರಾಪ್ಸ್ ಕೇಳ್ತಾರೆ. ಕಡಿಮೆ ಆಗದಿದ್ರೆ ತಲೆನೋವಿನ ಮಾತ್ರೆ ನುಂಗ್ತಾರೆ. ಅದಕ್ಕೂ ಜಗ್ಗದಿದ್ರೆ ‘ಹಲ್ಲೇ ಕಾರಣ ಇರಬೇಕು, ಕೀಳಿಸಿಬಿಡೋಣ’ ಅಂತ ಹೊರಡ್ತಾರೆ.

ಆದರೆ ನೋವು ಕಿವಿಯದ್ದೂ ಅಲ್ಲ, ಹಲ್ಲಿನದ್ದೂ ಅಲ್ಲದೆ ಇರಬಹುದು. ಕಿವಿಯ ಮುಂದೆಯೇ ಇರುವ ದವಡೆ ಕೀಲು ಅಥವಾ ಅದನ್ನು ಎಳೆದಾಡಿಸುವ ಸ್ನಾಯುಗಳಿಂದ ಈ ನೋವು ಬರುತ್ತೆ. ವೈದ್ಯರು ಕೀಲನ್ನು ಟಿಎಂಜೆ ಅಂತಲೂ, ಅದರ ತೊಂದರೆಗಳನ್ನು ಒಟ್ಟಾಗಿ ಟಿಎಂಡಿ ಅಂತಲೂ ಕರೀತಾರೆ. ಇದರಲ್ಲಿ ಹೆಚ್ಚಿನವು ದೊಡ್ಡ ಖರ್ಚಿಲ್ಲದೆ ಕೆಲವು ವಾರಗಳಲ್ಲಿ ತಹಬಂದಿಗೆ ಬರುವಂಥವು. ಆದರೆ ‘ಬಾಯಿ ತೆರೆಯೋಕೆ ಆಗ್ತಿಲ್ಲ’ ಅನ್ನೋ ಎಲ್ಲ ದೂರಿಗೂ ಕೀಲೇ ಕಾರಣ ಅಲ್ಲ. ಕೆಲವು ಕಾರಣಗಳನ್ನು ತಡ ಮಾಡಿದರೆ ಜೀವಕ್ಕೇ ಅಪಾಯ. ಎರಡರ ನಡುವಿನ ವ್ಯತ್ಯಾಸ ಗೊತ್ತಿದ್ದರೆ ದುಡ್ಡೂ ಉಳಿಯುತ್ತೆ, ಆರೋಗ್ಯವೂ ಉಳಿಯುತ್ತೆ.

ಕೀಲು ಇರೋದೆಲ್ಲಿ, ಕೆಲಸ ಮಾಡೋದು ಹೇಗೆ?

ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆಗೆದು ಮುಚ್ಚಿ ನೋಡಿ. ಬೆರಳಿನ ಕೆಳಗೆ ಏನೋ ಜರುಗಿದ ಹಾಗೆ ಆಗುತ್ತಲ್ಲ, ಅದೇ ದವಡೆ ಕೀಲು. ಕೆಳದವಡೆಯ ದುಂಡನೆಯ ತುದಿ ತಲೆಬುರುಡೆಯ ಒಂದು ಗುಳಿಯಲ್ಲಿ ಕೂತಿರುತ್ತೆ. ಎರಡು ಮೂಳೆ ಒಂದಕ್ಕೊಂದು ಉಜ್ಜದಂತೆ ನಡುವೆ ಮೆತ್ತನೆಯ ಡಿಸ್ಕ್ ಇದೆ. ಗಾಡಿ ಬೇರಿಂಗ್‌ಗೆ ವಾಷರ್ ಹಾಕಿದ ಹಾಗೆ ಅಂದುಕೊಳ್ಳಿ.

ಬಾಗಿಲ ತಿರುಗಣೆ ಬರೀ ತಿರುಗುತ್ತೆ. ದವಡೆ ಕೀಲು ಹಾಗಲ್ಲ. ಬಾಯಿ ತೆರೆಯುವಾಗ ಮೊದಲು ತಿರುಗುತ್ತೆ, ಆಮೇಲೆ ಗುಳಿಯಿಂದ ಮುಂದಕ್ಕೆ ಜಾರುತ್ತೆ. ಡಿಸ್ಕ್ ಕೂಡ ಅದರ ಜೊತೆಗೇ ಜಾರಬೇಕು. ಅದೂ ಎಡ, ಬಲ ಎರಡೂ ಕೀಲು ಒಟ್ಟಿಗೇ ಕೆಲಸ ಮಾಡಬೇಕು, ಯಾಕಂದ್ರೆ ಕೆಳದವಡೆ ಒಂದೇ ಮೂಳೆ. ಮಾತಾಡೋದು, ಅಗಿಯೋದು, ನುಂಗೋದು, ಆಕಳಿಸೋದು ಎಲ್ಲಕ್ಕೂ ಇದೇ ಬೇಕು. ಹಾಗಾಗಿ ಮೊಣಕಾಲಿಗೆ ಕೊಟ್ಟಂತೆ ಇದಕ್ಕೆ ಪೂರ್ತಿ ರೆಸ್ಟ್ ಕೊಡೋಕೂ ಆಗಲ್ಲ.

ತೊಂದರೆ ಮೂರು ಥರ

ಮೊದಲನೆಯದು ಸ್ನಾಯು ನೋವು. ಇದೇ ಅತಿ ಹೆಚ್ಚು. ಹಲ್ಲು ಬಿಗಿಹಿಡಿದಾಗ ಕೆನ್ನೆಯಲ್ಲಿ ಗಟ್ಟಿಯಾಗಿ ಉಬ್ಬುವ ಸ್ನಾಯು, ಹಣೆಯ ಪಕ್ಕದ ಬೀಸಣಿಗೆಯಾಕಾರದ ಸ್ನಾಯು ದಣಿದು ನೋಯುತ್ತವೆ. ತಲೆನೋವು ಅಂತ ತಿಳಿದುಕೊಂಡಿದ್ದು ಎಷ್ಟೋ ಸಲ ಇದೇ ಆಗಿರುತ್ತೆ.

ಎರಡನೆಯದು ಡಿಸ್ಕ್ ಜಾರುವುದು. ಡಿಸ್ಕ್ ಸ್ವಲ್ಪ ಮುಂದೆ ಸರಿದಿದ್ದು, ಬಾಯಿ ತೆರೆದಾಗ ಮತ್ತೆ ಜಾಗಕ್ಕೆ ಬಂದು ಕೂರುವಾಗ ‘ಕಟಕ್’ ಸದ್ದು ಬರುತ್ತೆ. ಜಾಗಕ್ಕೆ ಬರದೆ ಅಡ್ಡ ನಿಂತರೆ ಬಾಯಿ ಎರಡು ಬೆರಳಿನಷ್ಟು ತೆರೆದು ಅಲ್ಲೇ ಲಾಕ್ ಆಗುತ್ತೆ. ಇಷ್ಟು ದಿನ ಬರ್ತಿದ್ದ ಸದ್ದು ಇದ್ದಕ್ಕಿದ್ದಂತೆ ನಿಂತು, ಅದೇ ಹೊತ್ತಿಗೆ ಬಾಯಿ ತೆರೆಯೋದು ಕಮ್ಮಿಯಾದರೆ ವಾಸಿ ಆಯ್ತು ಅಂತ ಅಂದುಕೊಳ್ಳಬೇಡಿ. ಅದು ಲಾಕ್ ಆಗಿರುವ ಸೂಚನೆ.

ಮೂರನೆಯದು ಕೀಲಿನ ಸವೆತ ಅಥವಾ ಸಂಧಿವಾತ. ಇದರಲ್ಲಿ ‘ಕಟಕ್’ ಬದಲು ಮರಳು ಅರೆದಂಥ ‘ಕರಕರ’ ಸದ್ದು ಬರುತ್ತೆ. ಕೈಬೆರಳಿನ ಕೀಲು ಊದುವ ರುಮಟಾಯ್ಡ್ ಸಂಧಿವಾತ ಇರುವವರಲ್ಲಿ ದವಡೆ ಕೀಲಿಗೂ ಅದೇ ಕಾಯಿಲೆ ಬರಬಹುದು.

ಒಂದು ಸಮಾಧಾನದ ಮಾತು: ನೋವಿಲ್ಲದ, ಬಾಯಿ ಸರಿಯಾಗಿ ತೆರೆಯುವ, ಬರೀ ‘ಕಟಕ್’ ಸದ್ದಿಗೆ ಚಿಕಿತ್ಸೆ ಬೇಕಿಲ್ಲ. ಆರೋಗ್ಯವಾಗಿರುವ ಎಷ್ಟೋ ಜನರಿಗೆ ಈ ಸದ್ದು ಇರುತ್ತೆ, ವರ್ಷಗಟ್ಟಲೆ ಹಾಗೇ ಇರುತ್ತೆ.

ಯಾಕೆ ಬರುತ್ತೆ?

ಇದಕ್ಕೆ ಒಂದೇ ಕಾರಣ ಅಂತ ಬೆರಳು ತೋರಿಸೋಕೆ ಆಗಲ್ಲ. ಪೆಟ್ಟು, ರಾತ್ರಿ ಹಲ್ಲು ಕಡಿಯೋದು, ಹಗಲಲ್ಲಿ ಗೊತ್ತಿಲ್ಲದೆ ಹಲ್ಲು ಬಿಗಿಹಿಡಿಯೋದು, ನಿದ್ದೆ ಕೆಡೋದು, ಟೆನ್ಷನ್, ಮೈಯ ಬೇರೆ ಕಡೆ ಇರುವ ದೀರ್ಘಕಾಲದ ನೋವು ಎಲ್ಲವೂ ಸೇರಿಕೊಳ್ಳುತ್ತವೆ. 20ರಿಂದ 40 ವರ್ಷದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಹೆಚ್ಚು.

ದಿನನಿತ್ಯದ ಅಭ್ಯಾಸಗಳೂ ಸೇರುತ್ತವೆ. ಗಿರಾಕಿಗೆ ಸಾಮಾನು ಕಟ್ಟುತ್ತಾ ಫೋನನ್ನು ಭುಜಕ್ಕೂ ದವಡೆಗೂ ನಡುವೆ ಸಿಕ್ಕಿಸಿಕೊಂಡು ಮಾತಾಡೋದು, ಹೂ ಕಟ್ಟುವಾಗ ಅಥವಾ ಹೊಲಿಯುವಾಗ ದಾರವನ್ನು ಹಲ್ಲಿನಿಂದ ಕಡಿಯೋದು, ಪ್ಯಾಕೆಟ್ ಹರಿಯೋಕೆ, ಬಾಟಲಿ ಮುಚ್ಚಳ ತೆಗೆಯೋಕೆ ಹಲ್ಲು ಬಳಸೋದು, ಇಡೀ ದಿನ ಚ್ಯೂಯಿಂಗ್ ಗಮ್ ಅಥವಾ ಅಡಿಕೆ ಅಗಿಯೋದು ಇವೆಲ್ಲ ದವಡೆಗೆ ಓವರ್‌ಟೈಮ್ ಕೆಲಸ. ಸುಮ್ಮನೆ ಕೂತಾಗ ಮೇಲಿನ, ಕೆಳಗಿನ ಹಲ್ಲು ಒಂದಕ್ಕೊಂದು ತಾಗಿರಬಾರದು. ತುಟಿ ಮುಚ್ಚಿರಬೇಕು, ಹಲ್ಲು ಬಿಟ್ಟಿರಬೇಕು. ಇದು ಬಹಳ ಜನಕ್ಕೆ ಗೊತ್ತೇ ಇರಲ್ಲ.

ಡೆಂಟಿಸ್ಟ್ ಪತ್ತೆ ಹಚ್ಚೋದು ಹೇಗೆ?

ಈ ಕಾಯಿಲೆಗೆ ರಕ್ತ ಪರೀಕ್ಷೆ ಮಾಡಿ ‘ಇದೆ, ಇಲ್ಲ’ ಅಂತ ಹೇಳುವ ದಾರಿ ಇಲ್ಲ. ಮಾತು, ಕಣ್ಣು, ಕೈ ಇವೇ ಮುಖ್ಯ. ಹಾಗಾಗಿ ಕುರ್ಚಿಯಲ್ಲಿ ಕೂತ ಎರಡು ನಿಮಿಷಕ್ಕೇ ಚಿಕಿತ್ಸೆ ಬರೆದುಕೊಟ್ಟರೆ ಪರೀಕ್ಷೆ ಪೂರ್ತಿ ಆಗಿಲ್ಲ ಅಂತಲೇ ಅರ್ಥ. ಸರಿಯಾದ ಪರೀಕ್ಷೆಯಲ್ಲಿ ಇಷ್ಟು ಇರುತ್ತೆ:

• ಪ್ರಶ್ನೆಗಳು: ಎಷ್ಟು ದಿನದಿಂದ ನೋವು, ಬೆಳಿಗ್ಗೆ ಜಾಸ್ತಿಯೋ ಸಂಜೆಯೋ, ಅಗಿದರೆ ಹೆಚ್ಚುತ್ತಾ, ಬಾಯಿ ಲಾಕ್ ಆಗಿತ್ತಾ, ಪೆಟ್ಟು ಬಿದ್ದಿತ್ತಾ, ನಿದ್ದೆ ಹೇಗಿದೆ. ಬೆಳಿಗ್ಗೆ ಎದ್ದ ಕೂಡಲೇ ನೋವಿದ್ದರೆ ರಾತ್ರಿ ಹಲ್ಲು ಕಡಿಯುವ ಅನುಮಾನ ಬರುತ್ತೆ.

• ಅಳತೆ: ಮೇಲಿನ, ಕೆಳಗಿನ ಮುಂಹಲ್ಲುಗಳ ನಡುವೆ ಸ್ಕೇಲ್ ಇಟ್ಟು ಬಾಯಿ ಎಷ್ಟು ತೆರೆಯುತ್ತೆ ಅಂತ ನೋಡ್ತಾರೆ. ದೊಡ್ಡವರಲ್ಲಿ ಸಾಮಾನ್ಯವಾಗಿ 40 ಮಿಲಿಮೀಟರ್ ಅಥವಾ ಹೆಚ್ಚು ತೆರೆಯುತ್ತೆ. ಮನೆಯಲ್ಲಿ ನೋಡಿಕೊಳ್ಳೋಕೆ ನಿಮ್ಮದೇ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಿಡಿಯುತ್ತಾ ಅಂತ ನೋಡಿ.

• ದಾರಿ: ತೆರೆಯುವಾಗ ದವಡೆ ನೇರ ಇಳಿಯುತ್ತಾ, ಒಂದು ಕಡೆ ವಾಲುತ್ತಾ ಅಂತ ನೋಡ್ತಾರೆ. ವಾಲುವ ಕಡೆಯ ಕೀಲು ಸಿಕ್ಕಿಕೊಂಡಿರುವ ಸಾಧ್ಯತೆ ಹೆಚ್ಚು.

• ಒತ್ತಿ ನೋಡುವುದು: ಕೀಲು, ಕೆನ್ನೆ, ಹಣೆಯ ಪಕ್ಕ ಒತ್ತಿ ‘ನಿಮಗೆ ದಿನಾ ಬರುವ ನೋವು ಇದೇನಾ?’ ಅಂತ ಕೇಳ್ತಾರೆ. ಸಣ್ಣ ಪ್ರಶ್ನೆ ಅನ್ನಿಸಬಹುದು. ಆದರೆ 2014ರಲ್ಲಿ ಪ್ರಕಟವಾದ, ಈಗ ಬೇರೆಬೇರೆ ದೇಶಗಳಲ್ಲಿ ಬಳಕೆಯಲ್ಲಿರುವ ಪತ್ತೆ ಮಾನದಂಡದಲ್ಲಿ ಈ ಪ್ರಶ್ನೆಗೆ ಮುಖ್ಯ ಜಾಗ ಇದೆ. ಯಾರಿಗೇ ಆಗಲಿ ಗಟ್ಟಿಯಾಗಿ ಒತ್ತಿದರೆ ನೋಯುತ್ತೆ. ಅದು ‘ಅದೇ ನೋವು’ ಆಗಿದ್ದರೆ ಮಾತ್ರ ಲೆಕ್ಕ.

• ಬಾಯೊಳಗೆ: ಸವೆದ ಹಲ್ಲು, ಬಿರುಕು, ಕೆನ್ನೆ ಒಳಗಿನ ಬಿಳಿ ಗೆರೆ, ನಾಲಿಗೆ ಅಂಚಿನಲ್ಲಿ ಹಲ್ಲಿನ ಗುರುತು, ಬುದ್ಧಿ ಹಲ್ಲಿನ ಸುತ್ತ ಊತ, ಹುಳುಕು ಎಲ್ಲ ನೋಡ್ತಾರೆ.

ಇದಾದ ಮೇಲೆ ಬೇಕಿದ್ದರೆ ಓಪಿಜಿ ಎಕ್ಸ್‌ರೇ. ಎರಡೂ ದವಡೆ, ಎಲ್ಲ ಹಲ್ಲು ಒಂದೇ ಫಿಲ್ಮ್‌ನಲ್ಲಿ ಕಾಣುತ್ತೆ. ಹಲ್ಲಿನ ಸೋಂಕು, ಮೂಳೆ ಮುರಿತ ಇಲ್ಲ ಅಂತ ಖಚಿತ ಮಾಡಿಕೊಳ್ಳೋಕೆ ಒಳ್ಳೆಯದು. ಆದರೆ ಎಕ್ಸ್‌ರೇನಲ್ಲಿ ಡಿಸ್ಕ್ ಕಾಣಲ್ಲ. ಡಿಸ್ಕ್ ನೋಡೋಕೆ ಎಂಆರ್‌ಐ, ಮೂಳೆಯ ಸವೆತ ಸೂಕ್ಷ್ಮವಾಗಿ ನೋಡೋಕೆ ಸಿಟಿ ಅಥವಾ ಸಿಬಿಸಿಟಿ. ಇವು ಎಲ್ಲರಿಗೂ ಬೇಕಿಲ್ಲ. ಸ್ಕ್ಯಾನ್ ರಿಪೋರ್ಟ್‌ನಿಂದ ಚಿಕಿತ್ಸೆ ಬದಲಾಗುತ್ತೆ ಅನ್ನೋ ಹಾಗಿದ್ದರೆ ಮಾತ್ರ ಮಾಡಿಸೋದು ಸರಿ.

ಮೊದಲ ಚಿಕಿತ್ಸೆ ಮನೆಯಲ್ಲೇ

ಹೆಚ್ಚಿನ ರೋಗಿಗಳಿಗೆ ಡೆಂಟಿಸ್ಟ್ ಮೊದಲು ಹೇಳೋದು ಇದನ್ನೇ. ಕನಿಷ್ಠ ಕೆಲವು ವಾರ ಶಿಸ್ತಾಗಿ ಮಾಡಬೇಕು.

• ಊಟ ಮೆತ್ತಗಿರಲಿ. ಅನ್ನ ಸಾರು, ಇಡ್ಲಿ, ಗಂಜಿ, ಉಪ್ಪಿಟ್ಟು ಆಗುತ್ತೆ. ಮುದ್ದೆ ಅಂತೂ ಅಗಿಯೋದೇ ಬೇಡ, ನುಂಗಿದರೆ ಆಯ್ತು. ಖಡಕ್ ರೊಟ್ಟಿ, ಚಕ್ಕುಲಿ, ನಿಪ್ಪಟ್ಟು, ಕಬ್ಬು, ಮೂಳೆ ಕಡಿಯೋದು ಸದ್ಯಕ್ಕೆ ಬಂದ್.

• ಬಿಸಿ ನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ 15ರಿಂದ 20 ನಿಮಿಷ ಶಾಖ, ದಿನಕ್ಕೆ ಎರಡು ಮೂರು ಸಲ. ಚರ್ಮ ಸುಡದಂತೆ ನೋಡಿಕೊಳ್ಳಿ. ಹೊಸ ಪೆಟ್ಟಾಗಿದ್ದರೆ ಶಾಖ ಬೇಡ, ಬಟ್ಟೆಯಲ್ಲಿ ಸುತ್ತಿದ ಐಸ್.

• ಆಕಳಿಕೆ ಬಂದಾಗ ಗದ್ದದ ಕೆಳಗೆ ಕೈ ಕೊಟ್ಟು ಬಾಯಿ ಅತಿಯಾಗಿ ತೆರೆಯದಂತೆ ತಡೆಯಿರಿ.

• ದಿನಕ್ಕೆ ಹಲವು ಸಲ ‘ಹಲ್ಲು ತಾಗಿದೆಯಾ?’ ಅಂತ ನೋಡಿಕೊಳ್ಳಿ. ಗಲ್ಲಾಪೆಟ್ಟಿಗೆ ಮೇಲೆ ಒಂದು ಸ್ಟಿಕ್ಕರ್ ಅಂಟಿಸಿ. ಅದು ಕಣ್ಣಿಗೆ ಬಿದ್ದಾಗೆಲ್ಲ ದವಡೆ ಸಡಿಲ ಬಿಡಿ.

• ವ್ಯಾಯಾಮ: ನಾಲಿಗೆ ತುದಿಯನ್ನು ಮೇಲಿನ ಮುಂಹಲ್ಲಿನ ಹಿಂದೆ ಅಂಗುಳಕ್ಕೆ ಇಟ್ಟು, ಅದು ಬಿಡದಂತೆ ಬಾಯಿ ನಿಧಾನ ತೆರೆದು ಮುಚ್ಚಿ. ಒಂದು ಸಲಕ್ಕೆ ಆರು ಬಾರಿ, ದಿನಕ್ಕೆ ಕೆಲವು ಸಲ. ನೋವು ಹೆಚ್ಚಾದರೆ ನಿಲ್ಲಿಸಿ, ವೈದ್ಯರು ಅಥವಾ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು ಮಾಡಿ.

ನೋವಿನ ಮಾತ್ರೆ ಕೆಲವೇ ದಿನಕ್ಕೆ, ಅದೂ ವೈದ್ಯರು ಹೇಳಿದಷ್ಟೇ. ಬಿಪಿ, ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು ಇರುವವರು ತಾವಾಗೇ ನೋವಿನ ಮಾತ್ರೆ ತಗೊಳ್ಳಬಾರದು. ತಿಂಗಳುಗಟ್ಟಲೆ ಇರುವ ನೋವಿಗೆ ಕಡಿಮೆ ಡೋಸ್‌ನ ಅಮಿಟ್ರಿಪ್ಟಿಲಿನ್ ಬರೆಯೋದುಂಟು. ಇದು ಮೂಲದಲ್ಲಿ ಖಿನ್ನತೆಗೆ ಕೊಡುವ ಔಷಧ. ‘ನನಗೇನು ಹುಚ್ಚಾ?’ ಅಂತ ಬೇಸರ ಮಾಡಿಕೊಳ್ಳೋದು ಬೇಡ, ಸಣ್ಣ ಡೋಸ್‌ನಲ್ಲಿ ನರಗಳ ನೋವಿಗೂ ಅದನ್ನೇ ಬಳಸ್ತಾರೆ.

ನೈಟ್ ಗಾರ್ಡ್ ಬೇಕಾ?

ಹಲ್ಲಿನ ಅಚ್ಚು ತೆಗೆದು ಗಟ್ಟಿ ಅಕ್ರಿಲಿಕ್‌ನಲ್ಲಿ ಮಾಡುವ ಕವಚ ಇದು. ರಾತ್ರಿ ಹಾಕಿಕೊಂಡು ಮಲಗಬೇಕು. ಹಲ್ಲು ಕಡಿಯೋದನ್ನು ಇದು ನಿಲ್ಲಿಸಲ್ಲ, ಹಲ್ಲು ಸವೆಯದಂತೆ ಕಾಪಾಡುತ್ತೆ. ಕೆಲವರಿಗೆ ನೋವೂ ಕಡಿಮೆಯಾಗುತ್ತೆ. ಆದರೆ ನೋವಿಗೆ ಇದೇ ರಾಮಬಾಣ ಅನ್ನೋಕೆ ಪುರಾವೆ ಗಟ್ಟಿಯಿಲ್ಲ. 2023ರಲ್ಲಿ ಬಿಎಂಜೆ ವೈದ್ಯಕೀಯ ಪತ್ರಿಕೆ ಪ್ರಕಟಿಸಿದ ಮಾರ್ಗಸೂಚಿ ದೀರ್ಘಕಾಲದ ದವಡೆ ನೋವಿಗೆ ವ್ಯಾಯಾಮ, ದವಡೆಯನ್ನು ಕೈಯಿಂದ ಸಡಿಲಿಸುವ ಚಿಕಿತ್ಸೆ, ನೋವು ನಿಭಾಯಿಸಲು ಕಲಿಸುವ ಆಪ್ತ ಸಮಾಲೋಚನೆಗಳನ್ನೇ ಮುಂದಿಟ್ಟಿದೆ.

ಮಾಡಿಸಿಕೊಳ್ಳುವುದೇ ಆದರೆ ಎಲ್ಲ ಹಲ್ಲನ್ನೂ ಮುಚ್ಚುವ ಗಾರ್ಡ್ ಇರಲಿ. ಕೆಲವೇ ಹಲ್ಲಿಗೆ ಕೂರುವಂಥದ್ದನ್ನು ಬಹಳ ಕಾಲ ಹಾಕಿದರೆ ಹಲ್ಲು ಜರುಗಿ ಕಚ್ಚುವ ರೀತಿಯೇ ಬದಲಾಗಬಹುದು. ಕೊಟ್ಟ ಮೇಲೆ ಮತ್ತೆ ಕರೆದು ಅಡ್ಜಸ್ಟ್ ಮಾಡಬೇಕು.

‘ಹಲ್ಲು ತೀಡಿದರೆ ಸರಿಹೋಗುತ್ತೆ’ ಅಂದರೆ?

ಇಲ್ಲಿ ಎಚ್ಚರ ಬೇಕು. 1934ರಲ್ಲಿ ಅಮೆರಿಕದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟನ್, ದವಡೆ ಹಲ್ಲು ಉದುರಿ ಕಚ್ಚುವ ರೀತಿ ಕೆಟ್ಟರೆ ಕಿವಿನೋವು, ಕಿವಿಯಲ್ಲಿ ಸದ್ದು ಬರುತ್ತೆ ಅಂತ ಬರೆದರು. ಆ ವಿವರಣೆ ಆಮೇಲಿನ ಪರಿಶೀಲನೆಯಲ್ಲಿ ನಿಲ್ಲಲಿಲ್ಲ. ಆದರೆ ‘ಹಲ್ಲು ಸರಿಮಾಡಿದರೆ ಕೀಲು ಸರಿ’ ಅನ್ನೋ ನಂಬಿಕೆ ದಶಕಗಳ ಕಾಲ ಉಳಿಯಿತು. ಎಷ್ಟೋ ಜನ ಒಳ್ಳೆಯ ಹಲ್ಲು ತೀಡಿಸಿಕೊಂಡರು, ಬಾಯಿ ತುಂಬ ಕ್ಯಾಪ್ ಹಾಕಿಸಿಕೊಂಡರು.

ಇನ್ನೊಂದು ಪಾಠ 1980ರ ದಶಕದ್ದು. ಅಮೆರಿಕದಲ್ಲಿ ಕೆಟ್ಟ ಡಿಸ್ಕ್ ತೆಗೆದು ಟೆಫ್ಲಾನ್ ಸೇರಿದ ಕೃತಕ ತುಂಡು ಕೂರಿಸುವ ಆಪರೇಷನ್ ಚಾಲ್ತಿಗೆ ಬಂತು. ಆ ತುಂಡುಗಳು ಕೀಲಿನೊಳಗೆ ಪುಡಿಯಾಗಿ ಸುತ್ತಲಿನ ಮೂಳೆಯನ್ನೇ ತಿಂದುಹಾಕಿದವು. 1990ರ ದಶಕದ ಆರಂಭದಲ್ಲಿ ಅಲ್ಲಿನ ಸರ್ಕಾರ ಅದನ್ನು ಮಾರುಕಟ್ಟೆಯಿಂದ ತೆಗೆಸಿತು. ನೋವು ಕಡಿಮೆ ಮಾಡಿಕೊಳ್ಳೋಕೆ ಹೋದವರು ಮತ್ತೆ ಮತ್ತೆ ಆಪರೇಷನ್ ಮಾಡಿಸಿಕೊಳ್ಳಬೇಕಾಯಿತು.

ಹಾಗಾಗಿ ಈಗಿನ ನಿಯಮ ಸರಳ: ಮೊದಲು ವಾಪಸ್ ತೆಗೆದುಕೊಳ್ಳಬಹುದಾದ ಚಿಕಿತ್ಸೆ. ಶಾಖ ನಿಲ್ಲಿಸಬಹುದು, ಗಾರ್ಡ್ ತೆಗೆದಿಡಬಹುದು. ತೀಡಿದ ಹಲ್ಲು, ಕಿತ್ತ ಹಲ್ಲು ವಾಪಸ್ ಬರಲ್ಲ.

ಸೂಜಿ, ಆಪರೇಷನ್ ಯಾರಿಗೆ?

ಲಾಕ್ ಆಗಿರುವ ಕೀಲು ತಿಂಗಳಾದರೂ ಬಿಡದಿದ್ದರೆ ‘ಆರ್ಥ್ರೋಸೆಂಟೆಸಿಸ್’ ಮಾಡುವುದುಂಟು. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಎರಡು ಸೂಜಿ ಹಾಕಿ, ಒಂದರಿಂದ ಸಲೈನ್ ಬಿಟ್ಟು ಇನ್ನೊಂದರಿಂದ ಹೊರತೆಗೆದು ಕೀಲನ್ನು ತೊಳೆಯುತ್ತಾರೆ. ಕೊಯ್ಯುವುದಿಲ್ಲ. ಕೀಲು ತೆರೆದು ಮಾಡುವ ಆಪರೇಷನ್, ಕೃತಕ ಕೀಲು ಜೋಡಣೆ ಬಹಳ ಕಮ್ಮಿ ಜನಕ್ಕೆ ಬೇಕಾಗುತ್ತೆ. ಮೂಳೆಗೆ ಮೂಳೆ ಬೆಸೆದುಕೊಂಡು ಬಾಯಿ ಪೂರ್ತಿ ಬಂದ್ ಆಗಿರುವವರು, ಗಡ್ಡೆ ಇರುವವರು, ಕೀಲು ಪೂರ್ತಿ ಹಾಳಾದವರು ಇದರಲ್ಲಿ ಸೇರುತ್ತಾರೆ.

ಆಕಳಿಸಿದಾಗ ಬಾಯಿ ತೆರೆದೇ ನಿಂತರೆ ಅದು ಬೇರೆ ಕಥೆ, ಕೀಲು ಗುಳಿಯಿಂದ ಆಚೆ ಜಾರಿದೆ. ಡೆಂಟಿಸ್ಟ್ ಅಥವಾ ಆಸ್ಪತ್ರೆಯ ವೈದ್ಯರು ಹೆಬ್ಬೆರಳಿಟ್ಟು ದವಡೆಯನ್ನು ಕೆಳಕ್ಕೆ ಒತ್ತಿ ಹಿಂದಕ್ಕೆ ತಳ್ಳಿ ಕೂರಿಸುತ್ತಾರೆ. ಮನೆಯಲ್ಲಿ ಗುದ್ದೋದು, ಎಳೆಯೋದು ಮಾಡಬೇಡಿ. ಆಸ್ಪತ್ರೆಗೆ ಬೇಗ ಹೋದಷ್ಟೂ ಸಲೀಸು.

ಕೀಲು ಅಂದುಕೊಂಡು ಕಾಯಬಾರದ ಸಂದರ್ಭಗಳು

ಗುಟ್ಕಾ, ಅಡಿಕೆ ಅಗಿಯುವವರು: ಖಾರ ತಿಂದರೆ ಬಾಯಿ ಉರಿ, ಕೆನ್ನೆ ಒಳಭಾಗ ಬಿಳಿಚಿಕೊಂಡು ಹಗ್ಗದಂಥ ಗಟ್ಟಿ ಪಟ್ಟಿ, ತಿಂಗಳಿಂದ ತಿಂಗಳಿಗೆ ಬಾಯಿ ತೆರೆಯೋದು ಕಮ್ಮಿ. ಇದು ಕೀಲಿನ ರೋಗ ಅಲ್ಲ, ‘ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್’. ಮುಂದೆ ಕ್ಯಾನ್ಸರ್‌ಗೆ ತಿರುಗುವ ಸಾಧ್ಯತೆ ಇರುವ ಸ್ಥಿತಿ. ತಂಬಾಕು ಇಲ್ಲದ ಬರೀ ಅಡಿಕೆಯಿಂದಲೂ ಬರುತ್ತೆ. ರಾಜ್ಯದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಆಮೇಲೆ ಪಾನ್ ಮಸಾಲ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಗಿ ಅದೇ ಬಾಯಿಗೆ ಹೋಗ್ತಿರೋದು ಅಂಗಡಿಯವರಿಗೆ ಗೊತ್ತಿಲ್ಲದ್ದೇನಲ್ಲ. ದಿನಾ ಬರುವ ಗಿರಾಕಿ ಬಾಯಿ ಸರಿಯಾಗಿ ತೆರೆಯದೆ ಮಾತಾಡ್ತಿದ್ದರೆ ‘ಒಂದ್ಸಲ ಡೆಂಟಿಸ್ಟ್‌ಗೆ ತೋರಿಸಿ’ ಅಂತ ಹೇಳಿದರೆ ಅದೇ ದೊಡ್ಡ ಉಪಕಾರ. ಬಿಡಬೇಕು ಅನ್ನುವವರಿಗೆ ಉಚಿತ ಸಹಾಯವಾಣಿ 1800-11-2356. ಈ ನಂಬರ್ ತಂಬಾಕಿನ ಪ್ಯಾಕೆಟ್ ಮೇಲೇ ಅಚ್ಚಾಗಿರುತ್ತೆ.

ಗದ್ದದ ಮೇಲೆ ಬಿದ್ದ ಮಕ್ಕಳು: ಗದ್ದಕ್ಕೆ ಹೊಲಿಗೆ ಹಾಕಿಸಿ ಸುಮ್ಮನಾಗಬೇಡಿ. ಪೆಟ್ಟು ಗದ್ದಕ್ಕೆ ಬಿದ್ದರೂ ಮುರಿಯೋದು ಕಿವಿ ಹತ್ತಿರದ ಮೂಳೆ ಇರಬಹುದು. ಪತ್ತೆಯಾಗದೆ ಬಿಟ್ಟರೆ ಕೀಲು ಬೆಸೆದುಕೊಂಡು ಬಾಯಿ ತೆರೆಯದೆ, ದವಡೆಯೂ ಬೆಳೆಯದೆ ಹೋಗಬಹುದು. ಬಿದ್ದ ಮೇಲೆ ಬಾಯಿ ತೆರೆಯೋದು ಕಮ್ಮಿಯಾದರೆ, ಹಲ್ಲು ಮೊದಲಿನಂತೆ ಕೂಡದಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು.

ಗಾಯದ ನಂತರ ದವಡೆ ಬಿಗಿತ: ಮೊಳೆ, ಮುಳ್ಳು, ಕೃಷಿ ಸಲಕರಣೆ ತಾಗಿ ಗಾಯವಾದ ಕೆಲವು ದಿನ ಅಥವಾ ವಾರಗಳಲ್ಲಿ ದವಡೆ ಬಿಗಿದುಕೊಂಡರೆ ಅದು ಧನುರ್ವಾಯುವಿನ ಮೊದಲ ಲಕ್ಷಣ ಆಗಿರಬಹುದು. ತಕ್ಷಣ ಆಸ್ಪತ್ರೆ.

ಜ್ವರ, ಊತ: ದವಡೆ ಕೆಳಗೆ ಊತ, ನುಂಗೋಕೆ ಅಥವಾ ಉಸಿರಾಡೋಕೆ ಕಷ್ಟ ಇದ್ದರೆ ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ.

ನಡೆದಾಗ ಬರುವ ದವಡೆ ನೋವು: ಅಗಿದಾಗ ಅಲ್ಲ, ಮೆಟ್ಟಿಲು ಹತ್ತಿದಾಗ, ಭಾರ ಎತ್ತಿದಾಗ ದವಡೆ ನೋಯುತ್ತೆ, ಜೊತೆಗೆ ಬೆವರು, ಎದೆ ಬಿಗಿತ, ಉಬ್ಬಸ ಇದೆ ಅಂದ್ರೆ ಹೃದಯದ ತೊಂದರೆ ಇರಬಹುದು. 108ಕ್ಕೆ ಕರೆ ಮಾಡಿ.

50 ದಾಟಿದವರು: ಹಣೆಯ ಪಕ್ಕ ಹೊಸದಾಗಿ ತಲೆನೋವು, ಅಗಿಯುತ್ತಾ ಹೋದಂತೆ ದವಡೆ ಸೋಲೋದು, ಕಣ್ಣು ಮಂಜು. ಇದು ಅಪರೂಪದ ರಕ್ತನಾಳದ ಕಾಯಿಲೆ ಆಗಿರಬಹುದು. ತಡವಾದರೆ ದೃಷ್ಟಿ ಹೋಗುತ್ತೆ.

ಎಲ್ಲಿ ತೋರಿಸಬೇಕು, ಏನು ಕೇಳಬೇಕು?

ಮೊದಲು ತಾಲೂಕು ಆಸ್ಪತ್ರೆಯ ದಂತ ವಿಭಾಗ ಅಥವಾ ಹತ್ತಿರದ ಡೆಂಟಿಸ್ಟ್ ಸಾಕು. ಎರಡು ಮೂರು ತಿಂಗಳಲ್ಲಿ ಸುಧಾರಿಸದಿದ್ದರೆ, ಲಾಕ್ ಆಗಿದ್ದರೆ ದಂತ ಕಾಲೇಜಿನ ಓರಲ್ ಮೆಡಿಸಿನ್ ವಿಭಾಗ ಅಥವಾ ಬಾಯಿ-ದವಡೆ ಶಸ್ತ್ರಚಿಕಿತ್ಸಾ ವಿಭಾಗಕ್ಕೆ ಬರೆಸಿಕೊಂಡು ಹೋಗಿ. ಸರ್ಕಾರಿ ದಂತ ಕಾಲೇಜುಗಳು ಬೆಂಗಳೂರು ಮತ್ತು ಬಳ್ಳಾರಿಯಲ್ಲಿವೆ. ಹಳೆಯ ಎಕ್ಸ್‌ರೇ, ಮಾತ್ರೆ ಚೀಟಿ ಜೊತೆಗಿರಲಿ.

ದೊಡ್ಡ ಚಿಕಿತ್ಸೆಗೆ ಒಪ್ಪುವ ಮುಂಚೆ ನಾಲ್ಕು ಪ್ರಶ್ನೆ ಕೇಳಿ, ಕೇಳೋದರಲ್ಲಿ ಸಂಕೋಚ ಬೇಡ:

1. ನನ್ನದು ಸ್ನಾಯುವಿನದ್ದೋ, ಡಿಸ್ಕ್‌ನದ್ದೋ, ಮೂಳೆಯದ್ದೋ?
2. ಈ ಚಿಕಿತ್ಸೆಯನ್ನು ಬೇಡ ಅಂದರೆ ವಾಪಸ್ ಮಾಡಬಹುದಾ?
3. ಇದಕ್ಕಿಂತ ಸರಳವಾದದ್ದನ್ನು ಮೊದಲು ಪ್ರಯತ್ನಿಸಬಹುದಾ, ಎಷ್ಟು ವಾರ?
4. ಒಟ್ಟು ಖರ್ಚೆಷ್ಟು, ಎಷ್ಟು ಸಲ ಬರಬೇಕು?

ನೋವಿರುವ ಹಲ್ಲಿನಲ್ಲಿ ಹುಳುಕು, ಬಿರುಕು, ಸೋಂಕು ಏನೂ ಕಾಣದೆ ‘ಕಿತ್ತು ನೋಡೋಣ’ ಅಂದರೆ ಆ ದಿನ ಕೀಳಿಸಬೇಡಿ. ಇನ್ನೊಬ್ಬ ಡೆಂಟಿಸ್ಟ್‌ಗೆ ತೋರಿಸಿ ಆಮೇಲೆ ತೀರ್ಮಾನ ಮಾಡಿ.